ಮಯಸ್ತೇನಿಯಾ ಗ್ರೇವಿಸ್ ಜೋರಾದಾಗ ಆಂಟಿಬಾಡಿ ಯಾವುದು ಅನ್ನೋದು ಯಾಕೆ ಮುಖ್ಯ? ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹೆಂಡತಿಗೆ ಮಯಸ್ತೇನಿಯಾ ಗ್ರೇವಿಸ್, ಅಂದರೆ ಸ್ನಾಯುಗಳು ಬೇಗ ಸೋಲುವ ಕಾಯಿಲೆ, ಇದೆ. ಅದರಲ್ಲೂ ಮಸ್ಕ್ ಅನ್ನೋ ಆಂಟಿಬಾಡಿ ಪಾಸಿಟಿವ್. ನಾವು ನಾಪೋಕ್ಲು ಕಡೆಯವರು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯಿಂದ ಈ ಕಾಯಿಲೆ ಇರುವವರ ಮನೆಯವರು ಆಗಾಗ ಫೋನ್ ಮಾಡುತ್ತಾರೆ, ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ನಾನು ಡಾಕ್ಟರ್ ಅಲ್ಲ. ಔಷಧಿ ಶುರು ಮಾಡುವುದು, ನಿಲ್ಲಿಸುವುದು ಎಲ್ಲ ನಿಮ್ಮ ನ್ಯೂರಾಲಜಿಸ್ಟ್ ಹೇಳಿದ ಹಾಗೆಯೇ ಆಗಬೇಕು. ಆದರೆ ಅವರೆದುರು ಕೂತಾಗ ಏನು ಕೇಳಬೇಕು ಅಂತ ನಮಗೆ ಗೊತ್ತಿರಬೇಕು ಅಲ್ವಾ, ಅದಕ್ಕೇ ಇದನ್ನು ಬರೆದಿದ್ದೇನೆ. ಮುಂದೆ ಎಲ್ಲ ಕಡೆ ಎಂಜಿ ಅಂತಲೇ ಬರೆಯುತ್ತೇನೆ.

ಎಂಜಿಯಲ್ಲಿ ಆಗುವುದೇನು?

ನರದಿಂದ ಸ್ನಾಯುವಿಗೆ "ಅಲ್ಲಾಡು" ಅನ್ನೋ ಸುದ್ದಿ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕದ ಮೂಲಕ ಹೋಗುತ್ತದೆ. ಅದನ್ನು ಹಿಡಿದುಕೊಳ್ಳಲು ಸ್ನಾಯುವಿನ ಮೇಲೆ ರಿಸೆಪ್ಟರ್‌ಗಳು ಇರುತ್ತವೆ. ರೋಗಾಣುಗಳ ಮೇಲೆ ಹೋರಾಡಬೇಕಾದ ಆಂಟಿಬಾಡಿಯನ್ನು ನಮ್ಮದೇ ದೇಹ ಆ ಜಾಗಕ್ಕೆ ಎದುರಾಗಿ ತಯಾರು ಮಾಡಿಬಿಡುತ್ತದೆ. ಆಗ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ. ಬೆಳಿಗ್ಗೆ ಸರಿಯಿದ್ದವರಿಗೆ ಸಂಜೆ ಹೊತ್ತಿಗೆ ರೆಪ್ಪೆ ಇಳಿಯುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಮಾತು ಮೂಗಿನಲ್ಲಿ ಬರುತ್ತದೆ, ಅಗಿಯಲು ಆಗುವುದಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತರೆ ವಾಪಸ್ ಶಕ್ತಿ ಬರುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆ ಅಲ್ಲ, ದೃಷ್ಟಿ ತಾಗಿದ್ದೂ ಅಲ್ಲ.

ಆಂಟಿಬಾಡಿಯಲ್ಲಿ ಎಷ್ಟು ತರ ಇದೆ?

ಮುಖ್ಯವಾಗಿ ಮೂರು, ಜೊತೆಗೆ ಯಾವುದೂ ಸಿಗದ ಒಂದು ಗುಂಪು.

ಮೊದಲನೆಯದು ಅಸಿಟೈಲ್‌ಕೋಲಿನ್ ರಿಸೆಪ್ಟರ್ ಆಂಟಿಬಾಡಿ. ರಿಪೋರ್ಟ್‌ನಲ್ಲಿ ಎಸಿಎಚ್‌ಆರ್ ಅಂತ ಇರುತ್ತದೆ. ಮೈಯೆಲ್ಲಾ ಹರಡಿದ ಎಂಜಿಯಲ್ಲಿ 100ಕ್ಕೆ ಸುಮಾರು 80ರಿಂದ 85 ಜನರಿಗೆ ಇದೇ ಸಿಗುತ್ತದೆ. ಬರೀ ಕಣ್ಣಿಗೆ ಸೀಮಿತವಾದ ಎಂಜಿಯಲ್ಲಿ ಸುಮಾರು ಅರ್ಧ ಜನರಿಗಷ್ಟೇ. ಇದು ರಕ್ತದಲ್ಲಿರುವ ಕಾಂಪ್ಲಿಮೆಂಟ್ ಅನ್ನೋ ಪ್ರೋಟೀನ್‌ಗಳನ್ನು ಎಬ್ಬಿಸಿ, ಸ್ನಾಯುವಿನ ಆ ಭಾಗವನ್ನೇ ಹಾಳು ಮಾಡುತ್ತದೆ.

ಎರಡನೆಯದು ಮಸ್ಕ್. ರಿಸೆಪ್ಟರ್‌ಗಳು ಒಂದೇ ಕಡೆ ಗುಂಪಾಗಿ ನಿಲ್ಲಲು ಬೇಕಾದ ಪ್ರೋಟೀನ್ ಇದು. 2001ರಲ್ಲಿ ಇದರ ಆಂಟಿಬಾಡಿ ಪತ್ತೆಯಾಯಿತು. ಈ ಆಂಟಿಬಾಡಿ ಐಜಿಜಿ4 ಜಾತಿಯದ್ದು, ಕಾಂಪ್ಲಿಮೆಂಟನ್ನು ಎಬ್ಬಿಸುವುದಿಲ್ಲ. ಮಸ್ಕ್ ತನ್ನ ಜೊತೆಗಾರ ಪ್ರೋಟೀನ್ ಆದ ಎಲ್‌ಆರ್‌ಪಿ4 ಜೊತೆ ಸೇರದ ಹಾಗೆ ಅಡ್ಡ ನಿಲ್ಲುತ್ತದೆ, ಅಷ್ಟೇ. ಚಿಕಿತ್ಸೆ ಬೇರೆಯಾಗುವುದಕ್ಕೆ ಮೂಲ ಕಾರಣ ಇಲ್ಲೇ ಇದೆ, ಹಾಗಾಗಿ ಈ ಸಾಲನ್ನು ಇನ್ನೊಂದು ಸಲ ಓದಿಕೊಳ್ಳಿ.

ಮೂರನೆಯದು ಆ ಎಲ್‌ಆರ್‌ಪಿ4ಗೇ ಎದುರಾದ ಆಂಟಿಬಾಡಿ. ಅಪರೂಪ, ಸಾಮಾನ್ಯವಾಗಿ ಕಾಯಿಲೆಯೂ ಸೌಮ್ಯ.

ಎಸಿಎಚ್‌ಆರ್ ನೆಗೆಟಿವ್ ಬಂತು. ಹಾಗಾದ್ರೆ ಎಂಜಿ ಇಲ್ವಾ?

ಹಾಗಲ್ಲ. ನನಗೆ ಬರುವ ಫೋನ್‌ಗಳಲ್ಲಿ ಅತಿ ಹೆಚ್ಚು ಬರುವುದು ಈ ಪ್ರಶ್ನೆಗೇ, ನಮ್ಮ ಮನೆಯಲ್ಲೂ ಪೆಟ್ಟು ಬಿದ್ದಿದ್ದು ಇಲ್ಲೇ. ಎಸಿಎಚ್‌ಆರ್ ನೆಗೆಟಿವ್ ಅಂತ ರಿಪೋರ್ಟ್ ಬಂದ ಮೇಲೆ ಒಂದು ಕಡೆ "ಏನಿಲ್ಲ, ಟೆನ್ಷನ್ ಅಷ್ಟೇ" ಅಂತ ನಿದ್ದೆ ಮಾತ್ರೆ ಬರೆದು ಕಳಿಸಿದರು. ಆಗ ಅವಳಿಗೆ ಊಟದ ಮಧ್ಯೆ ಗಲ್ಲಕ್ಕೆ ಕೈ ಕೊಟ್ಟು ದವಡೆ ಎತ್ತಿ ಹಿಡಿದುಕೊಳ್ಳಬೇಕಿತ್ತು. ನೂಪುಟ್ಟಿನ ಒಂದು ಎಳೆ ಗಂಟಲಲ್ಲಿ ನಿಂತರೆ ನೀರು ಕುಡಿದರೂ ಇಳಿಯುತ್ತಿರಲಿಲ್ಲ, ಆ ನೀರು ಮೂಗಿನಿಂದ ವಾಪಸ್ ಬರುತ್ತಿತ್ತು. ಟೆನ್ಷನ್‌ಗೆ ನೀರು ಮೂಗಿನಿಂದ ಬರುವುದಿಲ್ಲ. ಹೀಗಾಗುತ್ತಿದೆ ಅಂದರೆ ಪಟ್ಟು ಹಿಡಿದು ಮಸ್ಕ್ ಟೆಸ್ಟ್ ಕೇಳಿ.

ಕೇಳುವಾಗ ಕೆಲವು ವಿಷಯ ನೆನಪಿರಲಿ. ರಕ್ತದ ಸ್ಯಾಂಪಲ್ ಹೋದರೆ ಸಾಕು, ರೋಗಿ ಬೆಂಗಳೂರಿನ ಲ್ಯಾಬ್‌ಗೇ ಹೋಗಬೇಕಂತಿಲ್ಲ. ಐವಿಐಜಿ ಅಥವಾ ಪ್ಲಾಸ್ಮಾ ಎಕ್ಸ್‌ಚೇಂಜ್ ಶುರು ಮಾಡುವ ಮೊದಲೇ ರಕ್ತ ತೆಗೆದಿಡಬೇಕು. ಐವಿಐಜಿ ಅಂದರೆ ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತೆಗೆದ ಆಂಟಿಬಾಡಿ, ಅದು ಒಳಗೆ ಹೋದ ಮೇಲೆ ಟೆಸ್ಟ್ ಮಾಡಿದರೆ ಗೊಂದಲ ಆಗಬಹುದು. ಪ್ಲಾಸ್ಮಾ ಎಕ್ಸ್‌ಚೇಂಜ್ (ರಕ್ತದ ನೀರಿನಂಥ ಭಾಗ ಬದಲಾಯಿಸುವ ಚಿಕಿತ್ಸೆ) ಆದ ಮೇಲೆ ಮಾಡಿದರೆ ಇರುವ ಆಂಟಿಬಾಡಿಯೂ ಕಡಿಮೆ ತೋರಿಸಬಹುದು. ಅರ್ಜೆಂಟಿನಲ್ಲಿ ಇದನ್ನು ಯಾರೂ ನೆನಪಿಸುವುದಿಲ್ಲ, ಮನೆಯವರೇ "ಸಾರ್, ಆಂಟಿಬಾಡಿಗೆ ಬ್ಲಡ್ ತೆಗೆದಿದ್ದೀರಾ?" ಅಂತ ಕೇಳಬೇಕು. ಕಾಯಿಲೆಯ ಶುರುವಿನಲ್ಲಿ ನೆಗೆಟಿವ್ ಇದ್ದದ್ದು ಆರು ತಿಂಗಳು, ಒಂದು ವರ್ಷ ಬಿಟ್ಟು ಮಾಡಿದಾಗ ಪಾಸಿಟಿವ್ ಬಂದಿದ್ದೂ ಇದೆ. ಸಾಮಾನ್ಯ ಟೆಸ್ಟಿನಲ್ಲಿ ಸಿಗದೆ, ಜೀವಕೋಶಗಳನ್ನು ಬಳಸಿ ಮಾಡುವ ಸೆಲ್ ಬೇಸ್ಡ್ ಅಸ್ಸೇ ಅನ್ನೋ ಟೆಸ್ಟಿನಲ್ಲಿ ಸಿಗುವವರೂ ಇದ್ದಾರೆ.

ನರಕ್ಕೆ ಕರೆಂಟ್ ಕೊಟ್ಟು ನೋಡುವ ಆರ್‌ಎನ್‌ಎಸ್ ಟೆಸ್ಟ್ ಕೂಡ ಮಸ್ಕ್ ಇರುವವರ ಕೈಯಲ್ಲಿ ನಾರ್ಮಲ್ ಬರಬಹುದು. ಮುಖದ ಸ್ನಾಯುವಿನಲ್ಲಿ ಮಾಡಿದಾಗ ಸಿಕ್ಕಿಬೀಳುತ್ತದೆ.

ಕ್ರೈಸಿಸ್ ಅಂದರೆ ಏನು? ಅದು ಯಾರಿಗೆ ಬರುತ್ತದೆ?

ಉಸಿರಾಟದ ಸ್ನಾಯುಗಳೇ ಸೋತು ವೆಂಟಿಲೇಟರ್ ಬೇಕಾಗುವ ಸ್ಥಿತಿಗೆ ಮಯಸ್ತೇನಿಕ್ ಕ್ರೈಸಿಸ್ ಅನ್ನುತ್ತಾರೆ. ಎಂಜಿ ಇರುವ 100 ಜನರಲ್ಲಿ ಸುಮಾರು 15ರಿಂದ 20 ಜನರಿಗೆ ಯಾವಾಗಲಾದರೂ ಒಮ್ಮೆ ಬರುತ್ತದೆ. ಹೆಚ್ಚಾಗಿ ಕಾಯಿಲೆ ಶುರುವಾದ ಮೊದಲ ಕೆಲವು ವರ್ಷಗಳಲ್ಲಿ. ಜ್ವರ, ಕಫ, ನ್ಯುಮೋನಿಯಾ, ಆಪರೇಷನ್, ಹೊಂದದ ಔಷಧಿ, ಮಾತ್ರೆ ತಾನಾಗಿ ನಿಲ್ಲಿಸಿದ್ದು, ಇವೇ ಸಾಮಾನ್ಯ ಕಾರಣಗಳು.

ಮಸ್ಕ್ ಇರುವವರಲ್ಲಿ ಹೆಚ್ಚಿನವರು ಹೆಂಗಸರು. ಅವರಿಗೆ ಗಂಟಲು, ನಾಲಿಗೆ, ಮುಖ, ಕುತ್ತಿಗೆ, ಉಸಿರು ಇವೇ ಮೊದಲು ಸೋಲುತ್ತವೆ. ಕೈಕಾಲು ಗಟ್ಟಿ ಇರುತ್ತದೆ, ನಡೆದುಕೊಂಡೇ ಆಸ್ಪತ್ರೆಗೆ ಬರುತ್ತಾರೆ. ಆದ್ದರಿಂದ ನೋಡಿದವರಿಗೆ ಅಷ್ಟು ಸೀರಿಯಸ್ ಅನಿಸುವುದಿಲ್ಲ. ಕ್ರೈಸಿಸ್ ಬರುವ ಸಾಧ್ಯತೆ ಮಾತ್ರ ಇವರಿಗೇ ಜಾಸ್ತಿ. ಎಸಿಎಚ್‌ಆರ್ ಗುಂಪಿನಲ್ಲಿ ಥೈಮೋಮಾ ಅನ್ನೋ ಎದೆಗೂಡಿನ ಗಡ್ಡೆ ಇರುವವರು ಮತ್ತು ವಯಸ್ಸಾದ ಮೇಲೆ ಕಾಯಿಲೆ ಶುರುವಾದವರ ಬಗ್ಗೆ ಹೆಚ್ಚು ಎಚ್ಚರ ಬೇಕು.

ಉಸಿರು ಸೋಲುತ್ತಿದೆ ಅಂತ ಮನೆಯಲ್ಲಿ ಹೇಗೆ ಗೊತ್ತಾಗುತ್ತದೆ? ಆಕ್ಸಿಮೀಟರ್ ಇದೆ.

ಆಕ್ಸಿಮೀಟರ್ ನಂಬಿಕೊಂಡು ಕೂರಬೇಡಿ. ಎಂಜಿಯಲ್ಲಿ ಆಕ್ಸಿಜನ್ ಇಳಿಯುವುದು ಕೊನೆಗೆ. 97 ತೋರಿಸುತ್ತಿರುವಾಗಲೇ ಸ್ನಾಯು ಸೋತಿರಬಹುದು.

ನಾವು ಮಾಡುವುದು ಇಷ್ಟು. ಪೂರ್ತಿ ಉಸಿರು ಎಳೆದುಕೊಂಡು, ಒಂದೇ ಉಸಿರಿನಲ್ಲಿ, ಸೆಕೆಂಡಿಗೆ ಎರಡರ ಹಾಗೆ ಜೋರಾಗಿ ಎಣಿಸಬೇಕು. ಆರೋಗ್ಯವಂತರು 50ರ ಹತ್ತಿರ ಹೋಗುತ್ತಾರೆ. 20 ದಾಟಲು ಆಗದಿದ್ದರೆ ಹೊರಡುವ ಸಮಯ ಬಂತು ಅಂತ. ಚೆನ್ನಾಗಿದ್ದಾಗಲೂ ಎಣಿಸಿ ಕ್ಯಾಲೆಂಡರ್ ಮೇಲೆ ಬರೆದಿಡಿ, ಆಗಲೇ ಇಳಿದದ್ದು ಗೊತ್ತಾಗುವುದು. ಇದರ ಜೊತೆ ಮಲಗಿದರೆ ಉಸಿರು ಕಟ್ಟುವುದು, ತಲೆ ಎತ್ತಿ ಹಿಡಿಯಲು ಆಗದಿರುವುದು, ಎಂಜಲು ನುಂಗಲು ಆಗದೆ ಬಟ್ಟೆಯಲ್ಲಿ ಒರೆಸಿಕೊಳ್ಳುವುದು, ಕೆಮ್ಮಿದರೆ ಸದ್ದೇ ಬರದಿರುವುದು, ಇವುಗಳಲ್ಲಿ ಒಂದು ಕಂಡರೂ ಸಾಕು, 108ಕ್ಕೆ ಫೋನ್ ಮಾಡಿ. ಎಣಿಕೆ 20 ದಾಟಿದೆ ಅಂತ ಸುಮ್ಮನಿರಬೇಡಿ.

ಆಸ್ಪತ್ರೆಯಲ್ಲಿ ಎಫ್‌ವಿಸಿ ಅಂತ, ಅಂದರೆ ಒಂದು ಉಸಿರಿನಲ್ಲಿ ಎಷ್ಟು ಗಾಳಿ ಹೊರಗೆ ಬರುತ್ತದೆ ಅಂತ, ಊದಿಸಿ ನೋಡುತ್ತಾರೆ. ಒಂದು ಕೆಜಿ ತೂಕಕ್ಕೆ 20 ಎಂಎಲ್‌ಗಿಂತ ಕೆಳಗೆ, ಅಂದರೆ 60 ಕೆಜಿಯವರಿಗೆ 1.2 ಲೀಟರ್‌ಗಿಂತ ಕೆಳಗೆ ಬಂದರೆ ವೆಂಟಿಲೇಟರ್‌ಗೆ ತಯಾರಿ ಮಾಡಿಕೊಳ್ಳುತ್ತಾರೆ.

ಆಂಟಿಬಾಡಿ ರಿಪೋರ್ಟ್ ಇನ್ನೂ ಬಂದಿಲ್ಲ. ಐಸಿಯುನಲ್ಲಿ ಚಿಕಿತ್ಸೆಗೆ ಅದನ್ನು ಕಾಯಬೇಕಾ?

ಬೇಡವೇ ಬೇಡ. ಮೊದಲು ಉಸಿರು. ಯಾವ ಆಂಟಿಬಾಡಿ ಆದರೂ ಮೊದಲು ಮಾಡುವ ಕೆಲಸ ಒಂದೇ: ಉಸಿರಾಟಕ್ಕೆ ಆಸರೆ, ಸೋಂಕಿಗೆ ಚಿಕಿತ್ಸೆ, ಆಮೇಲೆ ಪ್ಲಾಸ್ಮಾ ಎಕ್ಸ್‌ಚೇಂಜ್ ಅಥವಾ ಐವಿಐಜಿ.

ಪ್ಲಾಸ್ಮಾ ಎಕ್ಸ್‌ಚೇಂಜ್ ಅಂದರೆ ರಕ್ತದ ನೀರಿನಂಥ ಭಾಗವನ್ನು ಮೆಷಿನ್‌ನಲ್ಲಿ ಬೇರ್ಪಡಿಸಿ ಬದಲಾಯಿಸುವುದು, ಸಾಮಾನ್ಯವಾಗಿ ದಿನ ಬಿಟ್ಟು ದಿನ ಐದು ಸಲ. ಐವಿಐಜಿ ಒಟ್ಟು ಕೆಜಿಗೆ 2 ಗ್ರಾಂ, ಎರಡರಿಂದ ಐದು ದಿನಕ್ಕೆ ಹಂಚಿ ಡ್ರಿಪ್ ಮೂಲಕ ಕೊಡುತ್ತಾರೆ. ಎಸಿಎಚ್‌ಆರ್ ಇರುವವರಿಗೆ ಎರಡೂ ಕೆಲಸ ಮಾಡುತ್ತವೆ. ಮಸ್ಕ್ ಇರುವವರಿಗೆ ಪ್ಲಾಸ್ಮಾ ಎಕ್ಸ್‌ಚೇಂಜ್ ಹೆಚ್ಚು ಚೆನ್ನಾಗಿ ಹಿಡಿಯುತ್ತದೆ. ಐವಿಐಜಿ ಕೊಟ್ಟರೂ ಏಳಲಿಲ್ಲ ಅನ್ನೋ ಸಂದರ್ಭದಲ್ಲಿ ಈ ಒಂದು ವಿಷಯ ಗೊತ್ತಿದ್ದರೆ ದಾರಿ ಬೇಗ ಬದಲಾಗುತ್ತದೆ. ಎರಡರ ಪರಿಣಾಮವೂ ಕೆಲವು ವಾರ ಅಷ್ಟೇ. ಆದ್ದರಿಂದ ಹಿಂದೆಯೇ ಸ್ಟೀರಾಯ್ಡ್ ಅಥವಾ ಬೇರೆ ಇಮ್ಯುನಿಟಿ ತಗ್ಗಿಸುವ ಔಷಧಿ ಬರಲೇಬೇಕು.

ಸ್ಟೀರಾಯ್ಡ್ ಬಗ್ಗೆ ಒಂದು ಮಾತು. ದೊಡ್ಡ ಡೋಸಿನಲ್ಲಿ ಶುರು ಮಾಡಿದ ಮೊದಲ ಎರಡು ವಾರದಲ್ಲಿ ಕೆಲವರಿಗೆ ಎಂಜಿ ಇನ್ನೂ ಜೋರಾಗುತ್ತದೆ. ಡಾಕ್ಟರಿಗೆ ಅದು ಗೊತ್ತಿರುತ್ತದೆ, ಮನೆಗೆ ಬಂದ ನಮಗೆ ಗೊತ್ತಿರುವುದಿಲ್ಲ. ಆ ಎರಡು ವಾರ ದೂರದ ತೋಟದ ಮನೆಯಲ್ಲಿ ಒಬ್ಬರನ್ನೇ ಬಿಡಬೇಡಿ.

ಮಸ್ಕ್ ಅಂದರೆ ಕೆಟ್ಟ ಜಾತಿ, ವಾಸಿಯೇ ಆಗಲ್ಲ ಅಂತಾರೆ. ನಿಜನಾ?

ಹಿಂದೆ ಹಾಗೆ ಹೇಳಲು ಕಾರಣ ಇತ್ತು. ಪದೇ ಪದೇ ಕ್ರೈಸಿಸ್, ಸ್ಟೀರಾಯ್ಡ್ ಡೋಸ್ ಇಳಿಸಲು ಆಗದಿರುವುದು, ವರ್ಷಗಟ್ಟಲೆ ಹೀಗೇ ಆಗಿ ಮುಖದ, ನಾಲಿಗೆಯ ಸ್ನಾಯು ಸವೆದುಹೋಗುವುದು. ನಾಲಿಗೆ ಹೊರಗೆ ಚಾಚಿದಾಗ ಮಧ್ಯದಲ್ಲಿ, ಅಂಚಿನಲ್ಲಿ ಗೀರುಗಳ ಹಾಗೆ ಹಳ್ಳ ಬಿದ್ದಿರುತ್ತದೆ. ಹಾಗೆ ಸವೆದ ಮೇಲೆ ವಾಪಸ್ ತರುವುದು ಕಷ್ಟ.

ಚಿತ್ರ ಬದಲಾಯಿಸಿದ್ದು ರಿಟುಕ್ಸಿಮ್ಯಾಬ್. ಆಂಟಿಬಾಡಿ ಮಾಡುವ ಬಿ ಕೋಶಗಳನ್ನು ಇದು ಖಾಲಿ ಮಾಡುತ್ತದೆ. ಮಸ್ಕ್ ಎಂಜಿಯಲ್ಲಿ ಇದರ ಫಲಿತಾಂಶ ನಿಜಕ್ಕೂ ಚೆನ್ನಾಗಿದೆ, ತುಂಬಾ ಜನರಿಗೆ ಸ್ಟೀರಾಯ್ಡ್ ಇಳಿಸಲು, ಕೆಲವರಿಗೆ ನಿಲ್ಲಿಸಲೂ ಆಗಿದೆ. ಒಂದು ಸುತ್ತಿನ ಪರಿಣಾಮ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಕ್ಕೂ ಮೇಲೆ ಇರುತ್ತದೆ. ನಮ್ಮ ಮನೆಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಈಗ ಅವಳು ಪುತ್ತರಿ ಹಬ್ಬಕ್ಕೆ ಮನೆ ತುಂಬಾ ನೆಂಟರ ಜೊತೆ ಕೂತು ಮಾತಾಡುತ್ತಾಳೆ, ಮಾತು ಕೊನೆವರೆಗೂ ಸ್ಪಷ್ಟ ಇರುತ್ತದೆ.

ಹಾಗಾಗಿ ಮಸ್ಕ್ ಅಂತ ರಿಪೋರ್ಟ್ ಬಂದರೆ ಎದೆಗುಂದಬೇಡಿ. "ರಿಟುಕ್ಸಿಮ್ಯಾಬ್ ಯಾವಾಗ ಯೋಚಿಸಬಹುದು ಸಾರ್?" ಅಂತ ಶುರುವಿನಲ್ಲೇ ಕೇಳಿ. ಎಲ್ಲ ಮಾತ್ರೆ ಸೋತ ಮೇಲೆ ಕೊನೆಗೆ ನೋಡೋಣ ಅನ್ನುವುದಕ್ಕಿಂತ ಬೇಗ ಕೊಡುವುದು ಒಳ್ಳೆಯದು ಅನ್ನುವ ಡಾಕ್ಟರುಗಳೇ ಈಗ ಜಾಸ್ತಿ. ಭಾರತದ ಕಂಪನಿಗಳೇ 2007ರಿಂದ ಇದನ್ನು ಮಾಡುತ್ತಿವೆ, ಆದ್ದರಿಂದ ಹೊರದೇಶದ ಹೊಸ ಔಷಧಿಗಳಷ್ಟು ದುಬಾರಿ ಅಲ್ಲ. ಕೊಡುವ ಮೊದಲು ಹೆಪಟೈಟಿಸ್ ಬಿ ಟೆಸ್ಟ್ ಆಗಲೇಬೇಕು, ಹಾಕಿಸಬೇಕಾದ ಲಸಿಕೆಗಳನ್ನೂ ಮೊದಲೇ ಮುಗಿಸಿಕೊಂಡರೆ ಒಳ್ಳೆಯದು.

ಎಸಿಎಚ್‌ಆರ್ ಇರುವವರಿಗೂ ರಿಟುಕ್ಸಿಮ್ಯಾಬ್ ಕೊಡ್ತಾರಾ?

ಕೊಡುತ್ತಾರೆ, ಆದರೆ ಅಷ್ಟೇ ಖಚಿತವಾಗಿ ಕೆಲಸ ಮಾಡುತ್ತದೆ ಅನ್ನಲು ಆಗುವುದಿಲ್ಲ. ಸ್ವೀಡನ್‌ನಲ್ಲಿ ನಡೆದು 2022ರಲ್ಲಿ ಪ್ರಕಟವಾದ ರಿನೋಮ್ಯಾಕ್ಸ್ ಅಧ್ಯಯನದಲ್ಲಿ, ಕಾಯಿಲೆ ಶುರುವಾಗಿ ಒಂದು ವರ್ಷದ ಒಳಗಿದ್ದವರಿಗೆ 500 ಮಿಲಿಗ್ರಾಂ ಒಂದೇ ಸಲ ಕೊಟ್ಟಾಗ ಉಪಯೋಗ ಕಂಡಿತು. ಹಳೆಯ ಕಾಯಿಲೆ ಇರುವ ಎಸಿಎಚ್‌ಆರ್ ರೋಗಿಗಳೂ ಇದ್ದ ಅಮೆರಿಕದ ಬೀಟ್ ಎಂಜಿ ಅಧ್ಯಯನದಲ್ಲಿ ಸ್ಟೀರಾಯ್ಡ್ ಇಳಿಸಲು ಅಂಥ ಸಹಾಯ ಆಗಲಿಲ್ಲ. ಇವರಿಗೆ ಸ್ಟೀರಾಯ್ಡ್ ಜೊತೆ ಇಮ್ಯುನಿಟಿ ತಗ್ಗಿಸುವ ಮಾತ್ರೆಗಳಾದ ಅಜಾಥಯೋಪ್ರಿನ್ ಅಥವಾ ಮೈಕೋಫಿನೋಲೇಟ್ ಸಾಮಾನ್ಯ. ಅಜಾಥಯೋಪ್ರಿನ್ ಪೂರ್ತಿ ಹಿಡಿಯಲು ವರ್ಷವೇ ಆಗಬಹುದು, ಎರಡು ತಿಂಗಳಿಗೆ "ಏನೂ ಪ್ರಯೋಜನ ಇಲ್ಲ" ಅಂತ ಬಿಡಬೇಡಿ.

ಪಿರಿಡೋಸ್ಟಿಗ್ಮಿನ್ ಮಾತ್ರೆ ತಗೊಂಡ್ರೆ ಮೈಯೆಲ್ಲಾ ಜುಮ್ಮೆಂದು ಸೆಳೆತ. ಡೋಸ್ ಕಡಿಮೆ ಆಯ್ತಾ?

ಜಾಸ್ತಿ ಆಗಿರುವ ಸಾಧ್ಯತೆಯೇ ಹೆಚ್ಚು. ನರದ ಸುದ್ದಿ ಸ್ನಾಯುವಿಗೆ ಮುಟ್ಟಲು ಸಹಾಯ ಮಾಡುವ ಮಾತ್ರೆ ಇದು. ಮಸ್ಕ್ ಇರುವವರಿಗೆ ಈ ಮಾತ್ರೆ ಅಷ್ಟಾಗಿ ಒಗ್ಗುವುದಿಲ್ಲ, ಸಣ್ಣ ಡೋಸಿಗೇ ಸ್ನಾಯು ಅದುರುವುದು, ಮೀನಖಂಡ ಹಿಡಿದುಕೊಳ್ಳುವುದು, ಭೇದಿ, ಎಂಜಲು ಸುರಿಯುವುದು ಶುರುವಾಗುತ್ತದೆ. ಎಸಿಎಚ್‌ಆರ್ ಇರುವವರಿಗೆ ಅದೇ ಮಾತ್ರೆ ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ರೆಪ್ಪೆ ಎತ್ತಿಸಿಬಿಡುತ್ತದೆ. ಪಕ್ಕದ ಊರಿನವರು ದಿನಕ್ಕೆ ಆರು ತಗೊಳ್ತಾರೆ ಅಂತ ನೀವೂ ಏರಿಸಬೇಡಿ. ಉಸಿರು ಕಷ್ಟ ಆದಾಗಂತೂ ಮನೆಯಲ್ಲಿ ಎರಡೆರಡು ಮಾತ್ರೆ ನುಂಗಿಸುತ್ತಾ ಕಾಯುವುದು ಅಪಾಯ. ವೆಂಟಿಲೇಟರ್‌ನಲ್ಲಿ ಇರುವವರಿಗೆ ಕಫ, ಎಂಜಲು ಹೆಚ್ಚಾಗದಿರಲಿ ಅಂತ ಸಾಮಾನ್ಯವಾಗಿ ಈ ಮಾತ್ರೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸುತ್ತಾರೆ, ಗಾಬರಿ ಬೇಡ.

ಥೈಮಸ್ ಆಪರೇಷನ್ ಎಲ್ಲರಿಗೂ ಬೇಕಾ?

ಇಲ್ಲ. ಥೈಮಸ್ ಅಂದರೆ ಎದೆಗೂಡಿನಲ್ಲಿರುವ ಒಂದು ಗ್ರಂಥಿ. ಎಂಜಿ ಅಂತ ಗೊತ್ತಾದ ಮೇಲೆ ಎದೆಯ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಎಸಿಎಚ್‌ಆರ್ ಇರುವ 100 ಜನರಲ್ಲಿ ಸುಮಾರು 10ರಿಂದ 15 ಜನರಿಗೆ ಥೈಮೋಮಾ ಇರುತ್ತದೆ, ಅದನ್ನು ತೆಗೆಯಬೇಕು. ಗಡ್ಡೆ ಇಲ್ಲದಿದ್ದರೂ, 18ರಿಂದ 65 ವಯಸ್ಸಿನ ಎಸಿಎಚ್‌ಆರ್ ಪಾಸಿಟಿವ್ ಜನರಲ್ಲಿ ಥೈಮಸ್ ತೆಗೆದರೆ ಕಾಯಿಲೆ ಹಿಡಿತಕ್ಕೆ ಬರುತ್ತದೆ, ಸ್ಟೀರಾಯ್ಡ್ ಕಡಿಮೆ ಸಾಕಾಗುತ್ತದೆ ಅಂತ 126 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮಸ್ಕ್ ಇರುವವರಿಗೆ ಈ ಆಪರೇಷನ್‌ನಿಂದ ಲಾಭ ಕಂಡಿಲ್ಲ. ಎದೆ ತೆರೆಸುವ ಮೊದಲು ಆಂಟಿಬಾಡಿ ರಿಪೋರ್ಟ್ ಕೈಯಲ್ಲಿರಲಿ ಅನ್ನುವುದು ಇದಕ್ಕೇ. ಕ್ರೈಸಿಸ್ ಇರುವಾಗ ಈ ಆಪರೇಷನ್ ಮಾಡುವುದಿಲ್ಲ, ರೋಗಿ ಸುಧಾರಿಸಿದ ಮೇಲೆ ಮಾಡುತ್ತಾರೆ.

ರಿಪೋರ್ಟ್‌ನಲ್ಲಿ ಸಂಖ್ಯೆ ತುಂಬಾ ಜಾಸ್ತಿ ಇದೆ. ಅಂದ್ರೆ ಕಾಯಿಲೆಯೂ ಅಷ್ಟೇ ಜೋರಾ?

ಎಸಿಎಚ್‌ಆರ್‌ನಲ್ಲಿ ಹಾಗೆ ಹೇಳಲು ಬರುವುದಿಲ್ಲ. ಸಂಖ್ಯೆ ಕಡಿಮೆ ಇದ್ದವರು ವೆಂಟಿಲೇಟರ್‌ಗೆ ಹೋಗಿದ್ದಾರೆ, ಜಾಸ್ತಿ ಇದ್ದವರು ಬರೀ ರೆಪ್ಪೆ ಇಳಿದು ಉಳಿದಿದ್ದಾರೆ. ಮಸ್ಕ್‌ನಲ್ಲಿ ಸಂಖ್ಯೆಗೂ ಕಾಯಿಲೆಗೂ ಸ್ವಲ್ಪ ಮಟ್ಟಿಗೆ ಹೊಂದಿಕೆ ಇದೆ. ಪ್ರತಿ ತಿಂಗಳೂ ದುಡ್ಡು ಕೊಟ್ಟು ಟೆಸ್ಟ್ ಮಾಡಿಸಬೇಡಿ, ಆ ಹಣ ಪ್ರಯಾಣಕ್ಕೆ ಬೇಕಾಗುತ್ತದೆ.

ಯಾವ ಆಂಟಿಬಾಡಿಯೂ ಸಿಗಲಿಲ್ಲ. ನಮ್ಮ ಗತಿ?

ಇವರೆಲ್ಲ ಒಂದೇ ತರ ಇರುವುದಿಲ್ಲ. ಕೆಲವರಿಗೆ ತೀರಾ ಸೌಮ್ಯ, ಕೆಲವರಿಗೆ ಜೋರು. ಚಿಕಿತ್ಸೆ ಹೆಚ್ಚುಕಡಿಮೆ ಎಸಿಎಚ್‌ಆರ್ ದಾರಿಯಲ್ಲೇ ಹೋಗುತ್ತದೆ. ಚಿಕ್ಕ ವಯಸ್ಸಿನಿಂದಲೇ ಇದ್ದು, ಸ್ಟೀರಾಯ್ಡಿಗೂ ಬಗ್ಗದಿದ್ದರೆ ಹುಟ್ಟಿನಿಂದ ಬರುವ ಬೇರೆ ಜಾತಿಯ ಮಯಸ್ತೇನಿಯಾ ಇದೆಯಾ ಅಂತ ಜೀನ್ ಟೆಸ್ಟ್ ಬಗ್ಗೆ ಕೇಳಿ.

ಹೊಸ ಔಷಧಿಗಳು ಬಂದಿವೆಯಂತಲ್ಲ?

ಬಂದಿವೆ, ಅವೂ ಆಂಟಿಬಾಡಿ ನೋಡಿಯೇ. ಕಾಂಪ್ಲಿಮೆಂಟ್ ತಡೆಯುವ ಎಕುಲಿಜುಮ್ಯಾಬ್‌ಗೆ ಅಮೆರಿಕದಲ್ಲಿ 2017ರಲ್ಲಿ ಎಂಜಿಗೆ ಒಪ್ಪಿಗೆ ಸಿಕ್ಕಿತು, ಎಸಿಎಚ್‌ಆರ್ ಪಾಸಿಟಿವ್ ಇರುವವರಿಗೆ ಮಾತ್ರ. ಮಸ್ಕ್ ಕಾಂಪ್ಲಿಮೆಂಟನ್ನು ಎಬ್ಬಿಸುವುದೇ ಇಲ್ಲ ಅಂದೆನಲ್ಲ, ಆದ್ದರಿಂದ ಅವರಿಗೆ ಇದರಿಂದ ಏನೂ ಸಿಗುವುದಿಲ್ಲ. ರಕ್ತದಲ್ಲಿನ ಐಜಿಜಿ ಆಂಟಿಬಾಡಿಗಳನ್ನೇ ಕಡಿಮೆ ಮಾಡುವ ಎಫ್‌ಗಾರ್ಟಿಜಿಮಾಡ್ 2021ರಲ್ಲಿ ಎಸಿಎಚ್‌ಆರ್‌ಗೆ ಬಂತು. 2023ರಲ್ಲಿ ಒಪ್ಪಿಗೆ ಪಡೆದ ರೋಜನೊಲಿಕ್ಸಿಜುಮ್ಯಾಬ್ ಎಸಿಎಚ್‌ಆರ್, ಮಸ್ಕ್ ಎರಡಕ್ಕೂ. ಬೆಲೆ ನಮ್ಮಂಥ ಸಣ್ಣ ಬೆಳೆಗಾರರ ಕೈಗೆ ನಿಲುಕುವಂಥದ್ದಲ್ಲ, ಇದು ನನಗೆ ತುಂಬಾ ನೋವಿನ ವಿಷಯ.

ಮಳೆಗಾಲದಲ್ಲಿ ಏನು ಮಾಡೋದು?

ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಸುಮಾರು 140. 2018ರ ಆಗಸ್ಟ್‌ನಲ್ಲಿ ಸಂಪಾಜೆ ರಸ್ತೆ ಕುಸಿದು ಮಂಗಳೂರು ಕಡೆಯ ದಾರಿಯೇ ಬಂದ್ ಆಗಿದ್ದು ಎಲ್ಲರಿಗೂ ನೆನಪಿದೆ. ಕಾವೇರಿ ಉಕ್ಕಿದರೆ ನಮ್ಮ ನಾಪೋಕ್ಲು–ಮೂರ್ನಾಡು ರಸ್ತೆಯೂ ಮುಳುಗುತ್ತದೆ. ಜೂನ್‌ಗೆ ಮೊದಲೇ ಎರಡು ತಿಂಗಳ ಮಾತ್ರೆ ಮನೆಯಲ್ಲಿರಲಿ. ಮಸ್ಕ್ ಇರುವವರು, ಹಿಂದೆ ಒಮ್ಮೆ ವೆಂಟಿಲೇಟರ್‌ಗೆ ಹೋದವರು ಜೋರು ಮಳೆಯಲ್ಲಿ ಕುಶಾಲನಗರದಲ್ಲೋ ಮೈಸೂರಿನಲ್ಲೋ ನೆಂಟರ ಮನೆಯಲ್ಲಿ ಇರಲು ಆದರೆ ಇರಿ. ಉಸಿರು ಸೋತರೆ ಮೊದಲು ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಂಥ, ಟ್ಯೂಬ್ ಹಾಕಿ ವೆಂಟಿಲೇಟರ್ ಕೊಡಬಲ್ಲ ಹತ್ತಿರದ ಜಾಗಕ್ಕೆ ಹೋಗಿ. ಘಾಟಿಯ ಮಧ್ಯೆ ಉಸಿರು ನಿಂತರೆ ಯಾವ ದೊಡ್ಡ ಆಸ್ಪತ್ರೆಯ ಹೆಸರೂ ಸಹಾಯಕ್ಕೆ ಬರುವುದಿಲ್ಲ.

ಮಳೆಗಾಲದ ಜ್ವರ, ಕೆಮ್ಮಿಗೆ ಮೆಡಿಕಲ್ ಶಾಪಿನಿಂದ ನೇರವಾಗಿ ಆಂಟಿಬಯೋಟಿಕ್ ತರಬೇಡಿ. ಅಜಿತ್ರೋಮೈಸಿನ್, ಸಿಪ್ರೊಫ್ಲೋಕ್ಸಾಸಿನ್, ಲಿವೊಫ್ಲೋಕ್ಸಾಸಿನ್, ಜೆಂಟಾಮೈಸಿನ್, ಅಮಿಕಾಸಿನ್ ಎಂಜಿಯನ್ನು ಕೆರಳಿಸಬಹುದು. ಮಲೇರಿಯಾದ ಕ್ವಿನೈನ್, ರಕ್ತನಾಳಕ್ಕೆ ಕೊಡುವ ಮೆಗ್ನೀಷಿಯಂ, ಬಿಪಿಯ ಬೀಟಾ ಬ್ಲಾಕರ್ ಬಗ್ಗೆಯೂ ಎಚ್ಚರ. ಯಾವ ಆಂಟಿಬಾಡಿ ಇದ್ದರೂ ಈ ಪಟ್ಟಿ ಒಂದೇ.

ತೋಟದ ಕೆಲಸ ಮಾಡಬಹುದಾ?

ಕಾಯಿಲೆ ಹಿಡಿತದಲ್ಲಿದ್ದರೆ ಮಾಡಬಹುದು. ಬೆಳಿಗ್ಗೆ ತಂಪಿನಲ್ಲಿ ಮಾಡಿ, ಮಧ್ಯೆ ಕೂರಿ. ಕಾಫಿ ಕೊಯ್ಯುವಾಗ ಕೈ ಎತ್ತಿಯೇ ಇರಬೇಕಾಗುತ್ತದೆ, ಬೇಗ ಸೋಲುತ್ತದೆ. ಕರಿಮೆಣಸು ಕೊಯ್ಯಲು ಏಣಿ ಹತ್ತುವುದು ಮಾತ್ರ ಬೇಡ, ಎರಡೆರಡು ಕಾಣುವ ಕಣ್ಣಿಗೆ ಏಣಿಯ ಮೆಟ್ಟಿಲು ಸಿಗುವುದಿಲ್ಲ.

ಫೈಲ್‌ನಲ್ಲಿ ಏನೇನು ಇಟ್ಟುಕೊಳ್ಳಬೇಕು?

ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಮಯಸ್ತೇನಿಯಾ ಗ್ರೇವಿಸ್, ಅದರ ಕೆಳಗೆ ಆಂಟಿಬಾಡಿಯ ಹೆಸರು, ಟೆಸ್ಟ್ ಮಾಡಿದ ತಾರೀಖು. ಮಸ್ಕ್ ಟೆಸ್ಟ್ ಮಾಡಿಸದಿದ್ದರೆ "ಮಸ್ಕ್ ಮಾಡಿಲ್ಲ" ಅಂತಲೇ ಬರೆಯಿರಿ. ಇಲ್ಲದಿದ್ದರೆ ನೋಡಿದವರು ನೆಗೆಟಿವ್ ಅಂದುಕೊಳ್ಳುತ್ತಾರೆ. ಆಮೇಲೆ ಸಿಟಿ ಸ್ಕ್ಯಾನ್‌ನಲ್ಲಿ ಥೈಮಸ್ ಹೇಗಿತ್ತು, ಈಗಿನ ಮಾತ್ರೆ ಮತ್ತು ಡೋಸ್, ಹಿಂದಿನ ಕ್ರೈಸಿಸ್‌ನಲ್ಲಿ ಐವಿಐಜಿ ಹಿಡಿಯಿತಾ ಅಥವಾ ಪ್ಲಾಸ್ಮಾ ಎಕ್ಸ್‌ಚೇಂಜ್ ಹಿಡಿಯಿತಾ, ಕೊಡಬಾರದ ಔಷಧಿಗಳ ಪಟ್ಟಿ, ನ್ಯೂರಾಲಜಿಸ್ಟ್ ನಂಬರ್. ಆ ಪುಟದ ಫೋಟೋ ಮನೆಯ ಎಲ್ಲರ ಮೊಬೈಲ್‌ನಲ್ಲೂ ಇರಲಿ. ಹಲ್ಲು ಕೀಳಿಸಲು ಹೋದರೂ, ಬೇರೆ ಯಾವ ಆಪರೇಷನ್‌ಗೆ ಹೋದರೂ ಅರಿವಳಿಕೆ ಕೊಡುವ ಡಾಕ್ಟರಿಗೆ ಮೊದಲು ಅದನ್ನೇ ತೋರಿಸಿ.